ಬೆರಳು ಮರೆಯದ ಅಕ್ಷರ

ಅಂದು ಬೆಳಿಗ್ಗೆ ಹಾಜರಿ ಪುಸ್ತಕ ತೆರೆದೆ. ಹೆಸರುಗಳೆಲ್ಲ ಸಾಸಿವೆ ಚೆಲ್ಲಿದಂತೆ ಕಂಡವು. ಬ್ಯಾಡಗಿಯ ಶಾಲೆಯಲ್ಲಿ ಹನ್ನೆರಡು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದವಳು ನಾನು. ಒಂದೂ ಗುರುತು ಹತ್ತಲಿಲ್ಲ.

"ಚಾಳೀಸು ಬಂದೈತ್ರೀ ಅಕ್ಕೋರ, ಚಸ್ಮಾ ಮಾಡಸ್ರಿ," ಎಂದರು ಹೆಡ್‌ಮಾಸ್ಟರು. ಹಾವೇರಿಗೆ ಹೋಗಿ ಮಾಡಿಸಿದ್ದೂ ಆಯಿತು. ಸಾಸಿವೆ ದಪ್ಪವಾಯಿತು, ಅಷ್ಟೇ. ವಿಚಿತ್ರವೆಂದರೆ ಬರೆಯಲು ಬರುತ್ತಿತ್ತು. ರಜೆ ಚೀಟಿ ಸರಸರನೆ ಬರೆದೆ. ತಿರುಗಿ ನೋಡಿದೆ.

ನಾನು ಬರೆದದ್ದನ್ನು ನಾನೇ ಓದಲಾರೆ.

ಯಜಮಾನರು ಗಾಬರಿಯಾಗಿ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿ ನೋಡಿ, "ಸಣ್ಣ ಸ್ಟ್ರೋಕ್ ಆಗೇತ್ರಿ. ಕಣ್ಣು ಚಲೋ ಅದಾವ. ಕಂಡದ್ದನ್ನ ಅಕ್ಷರ ಅಂತ ಗುರುತು ಹಿಡಿಯೋ ಮಿದುಳಿನ ಜಾಗಕ್ಕ ಪೆಟ್ಟಾಗೇತಿ," ಎಂದರು.

"ಮತ್ತ ಓದಾಕ ಬರ್ತದೇನ್ರಿ?" ಎಂದೆ.

"ಈಗ ಹೇಳಾಕ ಆಗೂದಿಲ್ರಿ."

ಜೀವ ಉಳಿಯಿತಲ್ಲ ಎಂದು ಮನೆಯವರು ಕೈಮುಗಿದರು. ನನಗೆ ಮಾತ್ರ ಅಳು. ಓದಲು ಬಾರದ ಅಕ್ಕೋರು ಯಾವ ಶಾಲೆಗೆ ಬೇಕು?

ಒಂದು ತಿಂಗಳು ಗುಳಿಗೆ, ಗಂಜಿ, ಹಾಸಿಗೆ. ಒಂದು ಮಧ್ಯಾಹ್ನ ಆರು ವರ್ಷದ ಮಗಳು ಗೀತಾ ಪಾಟಿ ಹಿಡಿದು ಬಂದಳು. "ಇದ್ಯಾವ ಅಕ್ಷರ ಹೇಳವ್ವಾ?" ಗೊತ್ತಿಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. ತಡವರಿಸುವ ಮಕ್ಕಳಿಗೆ ನಾನು ಗದರುವ ಮಾತನ್ನು ನನ್ನದೇ ದನಿಯಲ್ಲಿ ನನಗೆ ತಿರುಗಿಸಿದಳು:

"ಸುಮ್ನ ನೋಡಿದ್ರ ಬರ್ತದೇನ? ತಿದ್ದು!"

ಬಳಪದ ಗೆರೆಯ ಮೇಲೆ ಬೆರಳಾಡಿಸಿದೆ. ಕೈ ತಾನಾಗಿಯೇ ಸುತ್ತಿತು, ಹೊರಳಿತು, ಮೇಲೆದ್ದು ನಿಂತಿತು.

"ಮ," ಎಂದೆ.

ಡಾಕ್ಟರಿಗೆ ಹೇಳಿದಾಗ ಅವರು ನಕ್ಕರು. "ಕಣ್ಣಿನ ದಾರಿ ಕಟ್ಟೇತ್ರಿ. ಕೈ ಕಲ್ತದ್ದು ಮಿದುಳಿನ್ಯಾಗ ಬ್ಯಾರೆ ಕಡೆ ಉಳದೈತಿ. ಆ ದಾರೀಲೆ ಹೋಗ್ರಿ." ಇಷ್ಟು ವರ್ಷ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ್ದು ಅವರ ಸಲುವಾಗಿ ಎಂದುಕೊಂಡಿದ್ದೆ. ನನ್ನ ಕೈಯೂ ಅವರ ಜೊತೆ ದಿನಾ ತಿದ್ದುತ್ತಿತ್ತು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಮೂರು ತಿಂಗಳಿಗೆ ಮತ್ತೆ ಶಾಲೆಗೆ ಹೋದೆ. ಹಳೆಯ ಹೆಸರುಗಳು ಬಾಯಿಪಾಠ, ಹೇಳಿ ಪಾರಾದೆ. ಕೊನೆಗೊಂದು ಹೆಸರನ್ನು ಹೆಡ್‌ಮಾಸ್ಟರು ಹೊಸದಾಗಿ ಸೇರಿಸಿದ್ದರು. ಕಣ್ಣಿಗೆ ಕಂಡ ಗೆರೆಗಳನ್ನೇ ಮೇಜಿನ ಕೆಳಗೆ, ತೊಡೆಯ ಮೇಲೆ, ಬೆರಳಿನಿಂದ ತಿದ್ದಿದೆ. ರೇ. ಷ್ಮಾ.

"ರೇಷ್ಮಾ?"

"ಹಾಜರ್ ರೀ ಅಕ್ಕೋರ!"

ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕೆನಿಸಿತು. ಹಾಜರಿ ಹಾಕಿ ಸುಮ್ಮನಾದೆ.

ಇದಿಷ್ಟನ್ನೂ ಒಂದೇ ಮಧ್ಯಾಹ್ನ ಬರೆದೆ. ಬರೆದದ್ದನ್ನು ಓದಿ ಮುಗಿಸಲು ನಾಲ್ಕು ದಿನ ಹಿಡಿಯಿತು.

ಆದರೆ ನಾನೇ ಓದಿದೆ.