ರಫ್ ಹಾಳೆಯ ಹಿಂಬದಿ

ಗಣಿತದ ಕಿರುಪರೀಕ್ಷೆಗೆ ಇನ್ನು ಅರ್ಧ ಗಂಟೆಯಿತ್ತು. ಎಂಟನೇ ತರಗತಿಯ ಶಬಾನಾ ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟಳು. ಒಂದು ಬದಿಯಲ್ಲಿ ಅವಳು ಪೆನ್ಸಿಲ್ಲಿನಲ್ಲಿ ಮಾಡುತ್ತಿದ್ದ ಲೆಕ್ಕ ಅರ್ಧಕ್ಕೇ ನಿಂತಿತ್ತು. ತಿರುಗಿಸಿದರೆ ನಾನೇ ತೆಗೆದಿದ್ದ ಪ್ರಶ್ನೆಪತ್ರಿಕೆ, ಮಸಿ ಹತ್ತಿ ಕೆಟ್ಟುಹೋದ ಪ್ರತಿ.

ಹೊಳಲ್ಕೆರೆಯಲ್ಲಿ ಅವಳ ಅಪ್ಪನದು ಜೆರಾಕ್ಸ್ ಅಂಗಡಿ. ಹಿಂದಿನ ದಿನ ಅಲ್ಲೇ ಪ್ರತಿ ಮಾಡಿಸಿ, ಚೆನ್ನಾಗಿ ಬಂದವನ್ನಷ್ಟೇ ತಂದಿದ್ದೆ. ಕೆಟ್ಟ ಹಾಳೆಗಳನ್ನು ಅವರು ಮಗಳ ರಫ್ ಕೆಲಸಕ್ಕೆ ಎತ್ತಿಡುತ್ತಾರೆಂದು ನನಗೆ ಹೊಳೆದಿರಲಿಲ್ಲ.

"ಎಲ್ಲಾ ಓದಿದ್ ಮೇಲೆ ಗೊತ್ತಾತು ಮೇಡಂ, ಇದು ಇವತ್ತಿನ ಪೇಪರ್ ಅಂತ. ಬೇರೆ ಪ್ರಶ್ನೆ ಕೊಡ್ರಿ" ಎಂದಳು.

ಮತ್ತೆ ಪ್ರಶ್ನೆ ತೆಗೆಯಲು ನನಗೆ ಸೋಮಾರಿತನ. "ಸಣ್ಣ ಟೆಸ್ಟು, ಇರ್ಲಿ ಬಿಡಮ್ಮ. ಯಾರಿಗೂ ಹೇಳ್ಬೇಡ" ಎಂದೆ.

ಅವಳು ಕದಲಲಿಲ್ಲ. "ಪಕ್ಕದಾಗೆ ಕೂರೋ ಲಕ್ಷ್ಮಿ ಮೂರು ದಿನದಿಂದ ಲೆಕ್ಕ ಮಾಡ್ತಾ ಅವ್ಳೆ. ನಂಗೆ ಜಾಸ್ತಿ ಬಂದ್ರೆ, ಹೆಂಗೆ ಮಾಡ್ದೆ ಅಂತ ಕೇಳ್ತಾಳೆ. ಏನ್ ಹೇಳ್ಲಿ ಮೇಡಂ?"

ಪೇಪರ್ ಕಟ್ಟನ್ನು ಬೀರುವಿಗೆ ಸೇರಿಸಿ, ಬೋರ್ಡಿನ ಮೇಲೆ ಬೇರೆ ಪ್ರಶ್ನೆಗಳನ್ನು ಬರೆದೆ. ಲಕ್ಷ್ಮಿಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಬಂತು, ಶಬಾನಾಗೆ ಹದಿನಾರು.

ಈಗ ಜೆರಾಕ್ಸ್ ಮಾಡಿಸಿದಾಗ ಕೆಟ್ಟ ಪ್ರತಿಗಳನ್ನೂ ಕೇಳಿ ಪಡೆಯುತ್ತೇನೆ. ಅಂದು ಟೀಚರಾದ ನಾನೇ "ಯಾರಿಗೂ ಹೇಳ್ಬೇಡ" ಎಂದಿದ್ದನ್ನು ಶಬಾನಾ ಇವತ್ತಿಗೂ ಯಾರಿಗೂ ಹೇಳಿಲ್ಲ. ಅದಕ್ಕೇ ಇಲ್ಲಿ ನಾನೇ ಹೇಳಿದ್ದೇನೆ.