ಗಂಡ ಹೇಳಿದ ಓಟಿಪಿ

ಚುಂಚನಕಟ್ಟೆಯ ಸರ್ವಮಂಗಳ ಮದುವೆಯಾದ ಮೇಲೆ ದೂರಶಿಕ್ಷಣದಲ್ಲಿ ಎಂ.ಎ.ಗೆ ಸೇರಿದ್ದಳು. ಅರ್ಜಿಯಲ್ಲಿ ಕೊಟ್ಟಿದ್ದು ಗಂಡ ಪ್ರಭುಸ್ವಾಮಿಯ ಮೊಬೈಲ್ ನಂಬರು. ಕೊನೆಯ ವರ್ಷದ ಪರೀಕ್ಷೆಗೆ ಅರ್ಜಿ ಹಾಕುವ ಕಡೇ ದಿನ ವಿಶ್ವವಿದ್ಯಾಲಯದ ಖಾತೆಯ ಪಾಸ್‌ವರ್ಡ್ ನೆನಪಾಗಲಿಲ್ಲ. ಕೆ.ಆರ್. ನಗರದ ಸೈಬರ್ ಅಂಗಡಿಯಿಂದ ಗಂಡನಿಗೆ ಫೋನು ಮಾಡಿ, ಅದನ್ನು ಬದಲಿಸಲು ಬಂದ ಓಟಿಪಿ ಕೇಳಿದಳು. ಅವನು ಹೇಳಿದ ಅಂಕಿ ಮೂರು ಸಲವೂ ತಪ್ಪಾಗಿ ಖಾತೆ ಒಂದು ದಿನದ ಮಟ್ಟಿಗೆ ಬಂದ್ ಆಯಿತು. ಗಡುವು ಮುಗಿಯಿತು.

ಸಂಜೆ ಅವನ ಫೋನು ತೆಗೆದು ನೋಡಿದಳು. ಬಂದಿದ್ದ ಅಂಕಿಗಳೇ ಬೇರೆ.

"ಬೇಕಂತ್ಲೇ ತಪ್ಪೇಳಿದ್ರಾ?"

"ಊಂ ಕಣೆ. ನಾನು ಪಿಯುಸಿ ಫೇಲು. ನೀನು ಎಂಎ ಆಗ್ಬುಟ್ರೆ ನಮ್ಮವ್ವನ ಮಾತು ಕೇಳ್ತೀಯಾ?"

ಮರುವಾರ ಅವಳು ಮೈಸೂರಿನ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಖಾತೆಗೆ ತನ್ನದೇ ನಂಬರು ಹಾಕಿಸಿದಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ ಉದ್ದನೆಯ ಪಾಸ್‌ವರ್ಡ್ ಇಟ್ಟಳು. ಪ್ರಭುಸ್ವಾಮಿ ಎಷ್ಟು ಪೀಡಿಸಿದರೂ ಬಾಯಿಬಿಡಲಿಲ್ಲ.

"ನೀನೇ ಮಡಿಕೋ ಬುಡು" ಎಂದವನು ಅವಳ ಎರಡು ವರ್ಷದ ನೋಟ್ಸನ್ನೆಲ್ಲ ಬಚ್ಚಲೊಲೆಗೆ ತುರುಕಿದ.

ಸ್ವಲ್ಪ ಹೊತ್ತಿಗೆ ಅತ್ತೆ ಒಳಗಿಂದ ಕರೆದರು. "ನೀರು ಕಾದದೆ ಕಣವ್ವ, ಬೆನ್ನುಜ್ಜು ಬಾ."

ಸರ್ವಮಂಗಳ ಹೋಗಿ ಉಜ್ಜಿದಳು. ಮುಂದಿನ ವರ್ಷವೂ ಅವಳು ಪರೀಕ್ಷೆಗೆ ಕೂರಲಿಲ್ಲ.