ಬಿಸಿಲಲ್ಲಿ ನಿಂತ ಆರನೇ ತರಗತಿ

ಶ್ರೀರಂಗಪಟ್ಟಣದ ಅರ್ಚಕರ ಮನೆಯಲ್ಲಿ ಹುಟ್ಟಿದ ಅನಂತರಾಮು ಮೇಷ್ಟ್ರು ಕಿಕ್ಕೇರಿ ಬಳಿಯ ಹಳ್ಳಿಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪೌರನೀತಿ ಕಲಿಸಿದರು. ರಾಜ್ಯ ಇರುವುದು ಜನರಿಗಾಗಿ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದರು.

೧೯೯೭ರ ಮಾರ್ಚಿನಲ್ಲಿ ಊರಿನ ಪಶು ಆಸ್ಪತ್ರೆ ಉದ್ಘಾಟಿಸಲು ಮಂತ್ರಿಯೊಬ್ಬರು ಬರುವವರಿದ್ದರು. ಹೆಡ್‌ಮಾಸ್ಟರ್ ಶಿವಲಿಂಗಯ್ಯ ಬೆಳಿಗ್ಗೆ ಒಂಬತ್ತಕ್ಕೇ ಮಕ್ಕಳನ್ನು ರಸ್ತೆಯ ಎರಡೂ ಬದಿ ಸಾಲಾಗಿ ನಿಲ್ಲಿಸಿದರು. ಮಧ್ಯಾಹ್ನ ಒಂದಾದರೂ ಕಾರಿನ ಸುಳಿವಿಲ್ಲ. ಆರನೇ ತರಗತಿಯ ದಿವ್ಯ ತಲೆಸುತ್ತಿ ಟಾರಿನ ಮೇಲೆ ಬಿದ್ದಳು. ತುಟಿ ಒಡೆದು ರಕ್ತ ಬಂತು. ಮೇಷ್ಟ್ರು ಶಾಮಿಯಾನಕ್ಕೆ ಓಡಿ ನೀರು ಕೇಳಿದರೆ, ಕಾವಲಿದ್ದ ಪೊಲೀಸಿನವನು ಕೊಡ ಮುಟ್ಟಲು ಬಿಡಲಿಲ್ಲ.

“ಸಾಹೇಬ್ರಿಗೆ ಇಟ್ಟಿರೋದು ಸಾ.”

ಅನಂತರಾಮು ಅವನ ಕೈ ಕೊಡವಿ ಕೊಡವನ್ನೇ ಎತ್ತಿಕೊಂಡು ಬಂದರು. ಹುಡುಗಿಗೆ ನೀರು ಕುಡಿಸಿ, “ನಡೀರಿ ಎಲ್ರೂ ಕ್ಲಾಸಿಗೆ!” ಎಂದು ಗುಡುಗಿದರು. ಮಂತ್ರಿಯ ಕಾರು ಬಂದಾಗ ರಸ್ತೆ ಬಿಕೋ ಎನ್ನುತ್ತಿತ್ತು.

ಮೂರನೇ ದಿನ ನೋಟೀಸು ಬಂತು.

“ಕ್ಷಮೆ ಕೇಳಿ ಎರಡು ಸಾಲು ಬರ್ಕೊಡಿ ಮೇಷ್ಟ್ರೇ, ಮಿಕ್ಕಿದ್ದು ನಾನು ನೋಡ್ಕೋತೀನಿ,” ಎಂದರು ಶಿವಲಿಂಗಯ್ಯ.

“ಮಗು ಬಿದ್ದಿದ್ದಕ್ಕೆ ಯಾರಿಗೆ ನೋಟೀಸು ಕೊಟ್ರಿ ಸಾರ್?”

ಮಗು ಬಿಸಿಲಲ್ಲಿ ಬಿದ್ದದ್ದರ ಬಗ್ಗೆ ಹೆತ್ತವರು ಒಂದು ದೂರು ಬರೆದುಕೊಟ್ಟರೆ ಸಾಕೆಂದು ಮೇಷ್ಟ್ರು ಸಂಜೆ ದಿವ್ಯಳ ಮನೆಗೆ ಹೋದರು. ಹಾಲು ಕರೆಯುತ್ತಿದ್ದ ಅವಳಪ್ಪ ಕೆಂಪಣ್ಣ ಎದ್ದುನಿಂತನಾದರೂ ಮುಖ ಕೊಡಲಿಲ್ಲ.

“ಯಾಕ್ ಬೇಕಿತ್ತು ಮೇಷ್ಟ್ರೇ? ಮಂತ್ರಿಗಳು ಕೆರೆ ರಸ್ತೆ ಮಾಡುಸ್ಕೊಡ್ತೀನಿ ಅಂದಿದ್ರು. ಈಗ ಮುನಿಸ್ಕೊಂಡವ್ರೆ. ಒಂದಿನ ಬಿಸ್ಲಲ್ಲಿ ನಿಂತ್ರೆ ಮಕ್ಳೇನು ಕರಗೋಯ್ತಾವಾ?”

“ರಸ್ತೆ ಏನು ಅವರಪ್ಪನ ಮನೆ ಆಸ್ತಿಯೇನೋ? ಅದು ನಿನ್ನ ಹಕ್ಕು ಕಣೋ!”

“ಅಕ್ಕು ಪುಸ್ತಕ್ದಲ್ಲಿ ಅದೆ. ನಾನೂ ನಿಮ್ ತಾವ್ಲೇ ಓದ್ದೋನಲ್ವಾ? ಎದ್ನಿಂತು ಒಂದ್ ಮಾತು ಕೇಳಿದ್ಕೆ ಬೆತ್ತದಲ್ಲಿ ಬಾರ್ಸಿದ್ರಿ.”

ಮೇಷ್ಟ್ರಿಗೆ ಕೆನ್ನೆಗೆ ಹೊಡೆದಂತಾಯಿತು. ಆಳುವವರಿಗೆ ಬೇಕಾದ ಬಗ್ಗಿದ ಬೆನ್ನುಗಳನ್ನು ವರ್ಷವರ್ಷವೂ ತಯಾರು ಮಾಡಿ ಕಳಿಸಿದ್ದು ತಾವೇ. ಮಂತ್ರಿಯ ಮೇಲೆ, ಕೆಂಪಣ್ಣನ ಮೇಲೆ ಉರಿಯುತ್ತಿದ್ದ ಸಿಟ್ಟು ತಿರುಗಿ ಅವರನ್ನೇ ಸುಟ್ಟಿತು.

ಅಷ್ಟರಲ್ಲಿ ಕೆಂಪಣ್ಣನ ತಾಯಿ ಚಲುವಮ್ಮ ಒಳಗಿಂದ ಬಂದಳು. “ಬರೀರಿ ಸೋಮಿ ದೂರ್ನ, ನಾನು ಎಬ್ಬೆಟ್ಟು ಒತ್ತೀನಿ. ಬಿದ್ದೋಳು ನನ್ ಮೊಮ್ಮಗಳು. ಇವನು ಸುಮ್ಕಿರ್‍ಲಿ.”

ಆ ಒಂದು ಹೆಬ್ಬೆಟ್ಟನ್ನು ಮೇಲಿನವರು ಲೆಕ್ಕಕ್ಕಿಡಲಿಲ್ಲ. ಮೇಷ್ಟ್ರು ಕ್ಷಮೆ ಕೇಳಲಿಲ್ಲ. ಜೂನಿನಲ್ಲಿ ನಾಗಮಂಗಲದ ಮೂಲೆಗೆ ವರ್ಗವಾಯಿತು. ಅಲ್ಲಿನ ಮಕ್ಕಳು ಪಾಠದ ನಡುವೆ ಎದ್ದು ವಾದಕ್ಕೆ ನಿಲ್ಲುತ್ತಿದ್ದರು, ಮೇಷ್ಟ್ರು ಕೂತು ಕೇಳುತ್ತಿದ್ದರು. ಸಿಟ್ಟು ಮಾತ್ರ ನಿವೃತ್ತಿಯಾಗುವವರೆಗೂ ಆರಲಿಲ್ಲ.